ಕಹಿ ಸುದ್ದಿಯನ್ನು ಹೊತ್ತವನು



ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದಾನೆ. ಕಳೆದ ಬೇಸಗೆಯಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದವನು, ಕೊಟ್ಟ ಕಾಫಿಯನ್ನೂ ಮುಟ್ಟದೆ ಕುಳಿತನು. “ಈ ದಿನ ಹನ್ನೊಂದು ಮಂದಿಗೆ ಕೆಲಸ ಹೋಯಿತೆಂಬ ಕಾಗದ ಕೊಟ್ಟು ಬಂದೆ, ಮೇಷ್ಟ್ರೆ. ಅವರಲ್ಲಿ ಒಬ್ಬರು ನನಗೆ ಕೆಲಸ ಕಲಿಸಿದವರು” ಎಂದನು. ತೀರ್ಮಾನ ಮೇಲಿನವರದು; ನಾಲಗೆ ಮಾತ್ರ ಅವನದು.

ಕೆಲಸ ಕಳೆದುಕೊಂಡವರ ಸಂಕಟವೇ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ವರ್ಷವಾದರೂ ಎಡೆಬಿಡದೆ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕೆಂದು ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿಸಿದರು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ ಲೆಕ್ಕವೇ ಉಳಿದಿದೆ. ಆದರೆ ಕಾಗದ ಕೊಡುವ ಕೈ ನಡುಗುತ್ತದೆಯೆ ಎಂದು ಕಾಯಿದೆ ಕೇಳುವುದಿಲ್ಲ.

ರಾಮಾಯಣದ ಉತ್ತರಕಾಂಡವನ್ನು ನೆನೆಯಿರಿ. ಸೀತೆಯನ್ನು ಕಾಡಿಗೆ ಬಿಡುವ ತೀರ್ಮಾನ ರಾಮನದು. ಗಂಗೆಯ ಆಚೆ ದಡದಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾದವನು ಲಕ್ಷ್ಮಣ. ನಾವು ಸೀತೆಗಾಗಿ ಅಳುತ್ತೇವೆ, ಅಳಬೇಕಾದದ್ದೇ. ಕವಿಯಾದರೋ ಲಕ್ಷ್ಮಣನನ್ನೂ ಮರೆಯಲಿಲ್ಲ. ಹಿಂದಿರುಗುವ ರಥದಲ್ಲಿ ಅವನ ದುಃಖವನ್ನು ಕೇಳಿ ಸಮಾಧಾನ ಹೇಳಲು ಸಾರಥಿ ಸುಮಂತ್ರನಿದ್ದನು.

ನಮ್ಮ ಕಾಲದ ಲಕ್ಷ್ಮಣರಿಗೆ ಸುಮಂತ್ರರು ಯಾರು? ಮೊದಲು, ತೀರ್ಮಾನ ಮಾಡಿದವರೇ. ಅವರು ಕಾರಣವನ್ನು ಮುಂಚೆಯೇ ಬಿಡಿಸಿ ಹೇಳಬೇಕು. ಸಲ್ಲುವ ಹಣದ ಲೆಕ್ಕವನ್ನು ಕೈಗೆ ಕೊಡಬೇಕು. ಕೇಳಿದ್ದಕ್ಕೆ ಉತ್ತರ ತಿಳಿಯದೆ ಎದುರು ಕೂರುವುದು ದೊಡ್ಡ ಹಿಂಸೆ. ಒಬ್ಬನನ್ನೇ ಕಳಿಸದೆ ಜೊತೆಗೊಬ್ಬರನ್ನು ಕೂರಿಸಬೇಕು. ಸಂಜೆ “ಎಲ್ಲ ಮುಗಿಯಿತೆ?” ಎನ್ನುವ ಮುನ್ನ “ನೀವು ಹೇಗಿದ್ದೀರಿ?” ಎಂದು ಕೇಳಬೇಕು.

ಎರಡನೆಯ ಸುಮಂತ್ರರು ಮನೆಯವರು. ಊಟಕ್ಕೆ ಕುಳಿತವರನ್ನು “ನೀವೇಕೆ ಒಪ್ಪಿಕೊಂಡಿರಿ?” ಎಂದು ಚುಚ್ಚಬೇಡಿ. ಹೇಳಿದಷ್ಟನ್ನು ಕೇಳಿರಿ. ನಿದ್ದೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನೊಂದ ಮನಸ್ಸು ಇನ್ನೂ ಜೀವಂತವಾಗಿದೆ ಎಂದೇ ಅರ್ಥ. ಆ ನೋವನ್ನು ಮರೆಸುವುದು ನಮ್ಮ ಕೆಲಸವಲ್ಲ, ಒಬ್ಬನೇ ಹೊರದಂತೆ ನೋಡಿಕೊಳ್ಳುವುದು.

ಆ ಸಂಜೆ ನಾನು ಉಪದೇಶ ಮಾಡಲಿಲ್ಲ. “ನಿನಗೆ ಕೆಲಸ ಕಲಿಸಿದವರ ಮನೆಗೆ ಒಮ್ಮೆ ಹೋಗಿ ಬಾ” ಎಂದೆ, ಅಷ್ಟೆ. ವಾರ ಕಳೆದು ಹೋಗಿ ಬಂದನು. ಅವರು ಮೊದಲು ಬಯ್ದರಂತೆ. ಬಳಿಕ ಒಳಗೆ ಕರೆದು ಕಾಫಿ ಕೊಟ್ಟರಂತೆ. “ಕುಡಿದು ಬಂದೆ, ಮೇಷ್ಟ್ರೆ” ಎಂದನು.