ಹಳೆಯ ಲೇತಿನ ಬೆಲೆ



ಈ ಸಂಜೆ ನಾವು ಮಾತನಾಡಬೇಕೆಂದಿರುವುದು ಲೇತ್ ಎಂಬ ಯಂತ್ರವನ್ನು ಕುರಿತು. ಅದರಲ್ಲಿಯೂ ಹಳೆಯ ಲೇತನ್ನು ಕುರಿತು. ವಿಷಯವನ್ನು ಕೇಳಿದೊಡನೆಯೆ ನಿಮ್ಮಲ್ಲಿ ಕೆಲವರ ಕೈ ರೇಡಿಯೋದ ಗುಂಡಿಯ ಕಡೆಗೆ ಹೋಗಿದ್ದರೆ ನಮಗೆ ಆಶ್ಚರ್ಯವಿಲ್ಲ. ಆದರೆ ಯಂತ್ರಗಳಲ್ಲಿ ದುಂಡಗಿರುವ ಲೋಹದ ಭಾಗಗಳಲ್ಲಿ ಬಹುಪಾಲನ್ನು ದುಂಡಗೆ ಮಾಡಿದುದು ಲೇತೇ ಎಂಬುದನ್ನು ನೆನೆದು, ಕೃತಜ್ಞತೆಗಾಗಿಯಾದರೂ ಸ್ವಲ್ಪ ಹೊತ್ತು ಕೇಳಬೇಕೆಂದು ಪ್ರಾರ್ಥನೆ. ನಾವು ಯಂತ್ರಶಿಲ್ಪಿಗಳಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನದ ಪಾಠ ಹೇಳುವವರು. ಈ ವಿಷಯದಲ್ಲಿ ನಮಗಿರುವ ಅಲ್ಪಸ್ವಲ್ಪ ತಿಳಿವಳಿಕೆಯು ಒಂದು ತಪ್ಪನ್ನು ಮಾಡಿದ ಮೇಲೆ ಬಂದದ್ದು. ಆ ತಪ್ಪನ್ನು ಮುಚ್ಚಿಡದೆ ಮುಂದೆ ಹೇಳುತ್ತೇವೆ.

ಕಡೆಯುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ಕಂಡವರು, ಕಲ್ಲನ್ನು ತಿರುಗಿಸಿ ಕಡೆದೇ ಅವುಗಳ ಬಳೆಗಳನ್ನು ಮಾಡಿರಬೇಕೆಂದು ಹೇಳುತ್ತಾರೆ. ಚನ್ನಪಟ್ಟಣದ ಬೊಂಬೆಗಾರರು ಇಂದಿಗೂ ಮರವನ್ನು ತಿರುಗಿಸಿ, ಉಳಿಯನ್ನು ಒತ್ತಿ ಹಿಡಿದು, ಆಟದ ಸಾಮಾನುಗಳನ್ನು ಕಡೆಯುತ್ತಾರೆ. ಲೇತಿನ ತತ್ತ್ವವೂ ಇಷ್ಟೆ: ವಸ್ತು ತಿರುಗಬೇಕು, ಉಳಿ ನಿಲ್ಲಬೇಕು. ಮರಕ್ಕೆ ಕೈಯ ಹಿಡಿತ ಸಾಕು, ಉಕ್ಕಿಗೆ ಸಾಲದು. ಲಂಡನ್ನಿನ ಹೆನ್ರಿ ಮಾಡ್ಸ್‌ಲೆ ಎಂಬಾತನು ೧೮೦೦ರ ಸುಮಾರಿನಲ್ಲಿ ಉಳಿಯನ್ನು ಕಬ್ಬಿಣದ ಜಾರುಪೀಠದ ಮೇಲೆ ಭದ್ರವಾಗಿ ಕೂರಿಸಿ, ಆ ಪೀಠವನ್ನು ಉದ್ದನೆಯ ತಿರುಪೊಂದರಿಂದ ನಡೆಯಿಸುವ ಲೇತನ್ನು ಬಳಕೆಗೆ ತಂದನು. ಅಲ್ಲಿಂದ ಮುಂದೆ ಒಂದೇ ಅಳತೆಯ ತಿರುಪುಗಳನ್ನು ಎಷ್ಟು ಬೇಕಾದರೂ ಮಾಡುವುದು ಸಾಧ್ಯವಾಯಿತು.

ಈ ಯಂತ್ರದ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಆರಂಭಿಸಿ ಲೇತುಗಳನ್ನು ಮಾಡತೊಡಗಿದರು. ೧೯೫೩ರಲ್ಲಿ ಸ್ವಿಟ್ಜರ್‌ಲೆಂಡಿನ ಅರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು, ಆ ಎಚ್.ಎಂ.ಟಿ.ಯ ಮೊದಲ ಸರಕು ಕೈಗಡಿಯಾರವಲ್ಲ, ಎಚ್-೨೨ ಎಂಬ ಲೇತ್. ನಗರದ ದಕ್ಷಿಣದಲ್ಲಿ ಜಯನಗರದ ಬಡಾವಣೆ ೧೯೪೮ರಲ್ಲಿ ಮೊದಲಾಯಿತು. ೧೯೫೧ರಲ್ಲಿ ಹುಟ್ಟಿದ ಮೈಕೊ ಸಂಸ್ಥೆ ಆಡುಗೋಡಿಯಲ್ಲಿ ನೆಲೆಯೂರಿತು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ, ಒಂದು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ, ಇಬ್ಬರು ಹುಡುಗರು ಎಂಬ ಲೆಕ್ಕದ ಸಣ್ಣ ಕಾರ್ಖಾನೆಗಳು ಬನಶಂಕರಿ, ಸಾರಕ್ಕಿಗಳ ಕಡೆಯ ಗಲ್ಲಿಗಳಲ್ಲಿ ಎದ್ದುವು. ಹರಿಹರದ ಆ ಕಾರ್ಖಾನೆ ಈಗ ನಿಂತುಹೋಗಿದೆ. ಅದು ಹೆತ್ತ ಲೇತುಗಳು ಮಾತ್ರ ಇನ್ನೂ ತಿರುಗುತ್ತಿವೆ.

ಇನ್ನು ನಮ್ಮ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ, ನಾವು ಆಗ ಪಾಠ ಹೇಳುತ್ತಿದ್ದ ಕಾಲೇಜಿನ ಕಾರ್ಯಾಗಾರದಲ್ಲಿ ಹರಿಹರದ ಹಳೆಯ ಲೇತೊಂದಿತ್ತು. ಹೊಸ ಸಾಮಾನಿಗೆ ಸ್ಥಳ ಬೇಕಾಯಿತು. ವಿಲೇವಾರಿಗಾಗಿ ಮೂವರ ಸಮಿತಿ ಏರ್ಪಟ್ಟಿತು; ಆ ಮೂವರಲ್ಲಿ ನಾವೊಬ್ಬರು. ಲೇತನ್ನು ನಡೆಸಿ ನೋಡಲಿಲ್ಲ, ಬಲ್ಲವರನ್ನು ಕೇಳಲಿಲ್ಲ. ಬಣ್ಣ ಸುಲಿದಿತ್ತು, ಧೂಳು ಕೂತಿತ್ತು. ಅಷ್ಟರಿಂದಲೇ ‘ನಿರುಪಯುಕ್ತ’ ಎಂಬ ಮಾತಿನ ಕೆಳಗೆ ರುಜು ಹಾಕಿದೆವು. ಗುಜರಿಯವನು ಕಿಲೋ ಲೆಕ್ಕದಲ್ಲಿ ಹಣ ಎಣಿಸಿ ಲಾರಿಗೆ ಏರಿಸಿಕೊಂಡು ಹೋದನು. ಬೀರುವಿನ ಮೂಲೆಯಲ್ಲಿ ಉಳಿದುಹೋಗಿದ್ದ ಅಗಲವಾದ ಹಲ್ಲುಗಾಲಿಯೊಂದು ನೋಡಲು ಅಂದವಾಗಿದ್ದುದರಿಂದ, ಪಟ್ಟಿಯಲ್ಲಿಲ್ಲದ ಸಾಮಾನೆಂದು ಉಗ್ರಾಣದವರು ಅದನ್ನು ನಮಗೇ ಬಿಟ್ಟರು. ಮೇಜಿನ ಮೇಲೆ ಕಾಗದ ಹಾರದಂತೆ ಅದನ್ನು ಇಟ್ಟುಕೊಂಡೆವು.

ಎರಡು ವರ್ಷಗಳ ಮೇಲೆ, ಪ್ರಯೋಗದ ಉಪಕರಣಕ್ಕೆ ಹಿತ್ತಾಳೆಯ ತುಂಡೊಂದನ್ನು ಕಡೆಸಲು ಜೆ.ಪಿ. ನಗರದ ೩ನೆಯ ಹಂತದಲ್ಲಿರುವ ಸಾರಕ್ಕಿ ಕೈಗಾರಿಕಾ ಬಡಾವಣೆಗೆ ಹೋದೆವು. ಸಣ್ಣ ಕಾರ್ಖಾನೆ; ಮಾಲೀಕರು ನಮ್ಮದೇ ವಯಸ್ಸಿನವರು. ಅವರು ಕಡೆದುಕೊಟ್ಟ ತುಂಡನ್ನು ಮೈಕ್ರೋಮೀಟರಿನಿಂದ ಅಳೆದೆವು. ನಾವು ಕೇಳಿದುದಕ್ಕೂ ಅದಕ್ಕೂ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಅಂತರವೂ ಇರಲಿಲ್ಲ. ಮೆಚ್ಚಿ ಯಂತ್ರದ ಕಡೆ ನೋಡಿದರೆ, ಅದರ ಕಾಲಿನ ಮೇಲೆ ಹೊಸ ಬಣ್ಣದ ಅಡಿಯಿಂದ ಕೆಲವು ಅಂಕಿಗಳು ಉಬ್ಬಿ ಕಾಣುತ್ತಿದ್ದುವು. ಅದು ನಮ್ಮ ಕಾಲೇಜಿನ ದಾಸ್ತಾನು ಸಂಖ್ಯೆ.

“ಇದು ಎಲ್ಲಿ ಸಿಕ್ಕಿತು?” ಎಂದೆವು.

“ಗುಜರಿಯಲ್ಲಿ, ಮೇಷ್ಟ್ರೇ. ಇನ್ನೊಂದು ದಿನ ತಡವಾಗಿದ್ದರೆ ಒಡೆದು ಕುಲುಮೆಗೆ ಕಳಿಸುತ್ತಿದ್ದರು. ಬೆಡ್ಡು ಮುಟ್ಟಿ ನೋಡಿದೆ. ಇನ್ನೂ ಜೀವ ಇದೆ ಅನ್ನಿಸಿತು.”

ಆ ದಿನದಿಂದ ನಾವು ಅಲ್ಲಿ ವಿದ್ಯಾರ್ಥಿಗಳಾದೆವು. ಬೆಡ್ಡು ಎಂದರೆ ಲೇತಿನ ಉದ್ದಕ್ಕೂ ಚಾಚಿರುವ ಬೀಡುಕಬ್ಬಿಣದ ಹಾಸು. ಉಳಿಯನ್ನು ಹೊತ್ತ ಕ್ಯಾರೇಜು ಅದರ ಮೇಲೆ ಜಾರುತ್ತದೆ. ಹಾಸು ಎಷ್ಟು ನೇರವೋ ಕಡೆದ ವಸ್ತುವೂ ಅಷ್ಟೇ ನೇರ. ಹಾಸು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಹೆಚ್ಚಿನ ಕೆಲಸವೆಲ್ಲ ಚಕ್ಕಿನ ಹತ್ತಿರ ನಡೆಯುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಇದನ್ನು ಅರಿಯಲು ಸುಲಭವಾದ ಉಪಾಯವೊಂದುಂಟು: ಚಕ್ಕಿನ ಬಳಿ ಕ್ಯಾರೇಜಿನ ಬಿಗಿಪಟ್ಟಿಯನ್ನು ಸಡಿಲವಿಲ್ಲದಂತೆ ಹೊಂದಿಸಿ, ಅದನ್ನು ಇನ್ನೊಂದು ತುದಿಗೆ ನಡೆಸಬೇಕು. ದಾರಿಯಲ್ಲಿ ಅದು ಬಿಗಿದು ನಿಂತರೆ ಹಾಸು ಸವೆದಿದೆಯೆಂದು ತಿಳಿಯತಕ್ಕದ್ದು.

ಆದರೆ ಲೇತನ್ನು ದೂರುವುದಕ್ಕೆ ಮೊದಲು ನೆಲವನ್ನು ವಿಚಾರಿಸಬೇಕು. ಲೇತಿನ ಕಾಲುಗಳ ಕೆಳಗಿನ ನೆಲ ಏರುಪೇರಾಗಿದ್ದರೆ ಅಷ್ಟು ದಪ್ಪನೆಯ ಬೀಡುಕಬ್ಬಿಣವೂ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಕಂಬಿಯೊಂದನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಅದರ ಮೇಲೆ ಅಂತರವಿಟ್ಟು ಎರಡು ಬಳೆಗಳನ್ನು, ಉಳಿಯನ್ನು ಕದಲಿಸದೆ, ಕಡೆದು ಅಳೆಯಬೇಕು. ಎರಡರ ಅಳತೆ ಬೇರೆ ಬೇರೆಯಾದರೆ ಸೂಕ್ಷ್ಮವಾದ ಲೆವೆಲ್ಲನ್ನು ತಂದು ಕಾಲುಗಳ ಕೆಳಗೆ ತಗಡು ಕೊಟ್ಟು ಸರಿಪಡಿಸಿ ಮತ್ತೆ ನೋಡಬೇಕು. ಕೆಟ್ಟಿತೆಂದು ಮಾರಿದ ಲೇತುಗಳಲ್ಲಿ ಕೆಲವಕ್ಕೆ ಈ ತಗಡಿನ ತುಂಡುಗಳಿಗಿಂತ ಹೆಚ್ಚಿನ ಔಷಧ ಬೇಕಾಗಿರಲಿಲ್ಲವಂತೆ.

ನಿಜವಾಗಿಯೂ ಸವೆದ ಹಾಸನ್ನು ದೊಡ್ಡ ಗ್ರೈಂಡಿಂಗ್ ಯಂತ್ರಕ್ಕೆ ಕೊಟ್ಟು ಸಾಣೆ ಹಿಡಿಸುತ್ತಾರೆ. ಆಗ ಕ್ಯಾರೇಜು ಸ್ವಲ್ಪ ಕೆಳಗಿಳಿಯುವುದರಿಂದ ಅದರ ಅಡಿಗೆ ತಕ್ಕ ಪಟ್ಟಿಯನ್ನು ಅಂಟಿಸಿ ಮತ್ತೆ ಎತ್ತರಿಸಬೇಕು. ಆಮೇಲೆ ಬರುವುದು ಕೈಕೆಲಸ. ಸಾರಕ್ಕಿಯ ಲೇತಿಗೆ ಈ ಕೆಲಸವನ್ನು ಮಾಡಿದವರು, ದೊಡ್ಡ ಕಾರ್ಖಾನೆಯೊಂದರಿಂದ ನಿವೃತ್ತರಾದ, ಎಪ್ಪತ್ತು ದಾಟಿದ ಯಜಮಾನರು. ಸಮತಟ್ಟಾದ ಫಲಕಕ್ಕೆ ನೀಲಿಯನ್ನು ತೆಳ್ಳಗೆ ಸವರಿ ಕೆಲಸದ ಮೈಗೆ ಉಜ್ಜುತ್ತಾರೆ. ಉಬ್ಬಿದ ಕಡೆಗಳಲ್ಲಿ ಮಾತ್ರ ನೀಲಿ ಹತ್ತುತ್ತದೆ. ಅಷ್ಟನ್ನೇ ಚೂಪಾದ ಉಳಿಯಿಂದ, ಕೊಬ್ಬರಿ ಹೆರೆದಂತಲ್ಲ, ಕನಸಿನಲ್ಲಿ ಹೆರೆದಂತೆ ಹಗುರವಾಗಿ ಹೆರೆದು ಮತ್ತೆ ಉಜ್ಜುತ್ತಾರೆ. ಹೀಗೆ ಹತ್ತಾರು ಸಲ. ಕೊನೆಗೆ ನೀಲಿಯ ಚುಕ್ಕೆಗಳು ಮೈಯೆಲ್ಲ ಸಮನಾಗಿ ಮೂಡಿದರೆ ಕೆಲಸ ಮುಗಿಯಿತು.

ಆ ಸಮತಟ್ಟಾದ ಫಲಕವೇ ನೇರವೆಂದು ಹೇಳುವವರಾರು ಎಂದು ನಾವು ಕೇಳಿದೆವು. ಅದಕ್ಕೆ ಯಜಮಾನರು ಹೇಳಿದ ಉತ್ತರವನ್ನು, ಮಾಡ್ಸ್‌ಲೆಯ ಬಳಿ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ ೧೮೪೦ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯ ಮುಂದೆ ವಿವರಿಸಿದ್ದನು. ಎರಡು ಫಲಕಗಳನ್ನು ಒಂದಕ್ಕೊಂದು ಉಜ್ಜಿ ಹೆರೆದರೆ, ಒಂದು ಉಬ್ಬಿ ಇನ್ನೊಂದು ತಗ್ಗಿ, ಎರಡೂ ಸೊಗಸಾಗಿ ಹೊಂದಿಕೊಂಡು ನಮಗೆ ಮೋಸಮಾಡಬಹುದು. ಮೂರು ಫಲಕಗಳನ್ನು ತಂದು ಪ್ರತಿಯೊಂದನ್ನೂ ಉಳಿದೆರಡಕ್ಕೆ ಹೊಂದಿಸಿದರೆ ಈ ಮೋಸ ನಡೆಯುವುದಿಲ್ಲ, ಮೂರೂ ನೇರವಾಗಲೇಬೇಕು. ಮೂವರ ಸಮಿತಿಯಲ್ಲಿದ್ದ ನಮಗೆ ಇದನ್ನು ಕೇಳಿ ಸ್ವಲ್ಪ ನಾಚಿಕೆಯಾಯಿತು. ನಾವು ಮೂವರೂ ಒಬ್ಬರನ್ನೊಬ್ಬರು ಪರೀಕ್ಷಿಸದೆಯೇ ಹೊಂದಿಕೊಂಡಿದ್ದೆವು.

ಇನ್ನು ನಿತ್ಯದ ಪಾಲನೆ. ದಿನವೂ ಹಾಸನ್ನು ಒರಸಿ ಎಣ್ಣೆ ಹಾಕಬೇಕು. ಗಾಳಿಯ ಕೊಳವೆಯಿಂದ ಚಕ್ಕೆಗಳನ್ನು ಊದಬಾರದು, ಅವು ಕ್ಯಾರೇಜಿನ ಅಡಿಗೆ ನುಗ್ಗಿ ಹಾಸನ್ನು ತಿನ್ನುತ್ತವೆ, ಕುಂಚದಿಂದ ತೆಗೆಯಬೇಕು. ಚಕ್ಕನ್ನು ಬಿಚ್ಚುವಾಗ ಕೆಳಗೆ ಹಲಗೆಯಿಡಬೇಕು. ಒಂದು ಸಲ ಅದು ಬಿದ್ದರೆ ಹಾಸಿನ ಮೇಲೆ ಉಳಿಯುವ ಗಾಯಕ್ಕೆ ಮರೆವಿಲ್ಲ. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ನಡೆಸುವುದು ಮನುಷ್ಯನಿಗೇ ಅಪಾಯ.

ಹಳೆಯ ಲೇತಿಗೆ ಹೊಸ ಸೌಕರ್ಯಗಳನ್ನು ಕೂಡಿಸುವುದುಂಟು. ಡ್ರೈವ್ ಎಂಬ ವಿದ್ಯುತ್ ಸಾಧನವಿದ್ದರೆ ಮನೆಯ ಒಂದು ಫೇಸಿನ ವಿದ್ಯುತ್ತಿನಿಂದಲೇ ಮೂರು ಫೇಸಿನ ಚಿಕ್ಕ ಮೋಟಾರನ್ನು ನಡೆಸಿ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಆದರೆ ಚಕ್ಕನ್ನು ತಿರುಪಿನಿಂದ ಕೂರಿಸಿರುವ ಹಳೆಯ ಲೇತನ್ನು ಹಠಾತ್ತನೆ ಹಿಮ್ಮುಖವಾಗಿ ತಿರುಗಿಸಿದರೆ ಚಕ್ಕೇ ಬಿಚ್ಚಿಕೊಂಡು ಬಂದೀತು. ಉಳಿಯ ಸ್ಥಾನವನ್ನು ಅಂಕಿಗಳಲ್ಲಿ ತೋರಿಸುವ ಡಿಜಿಟಲ್ ಪಟ್ಟಿಯೂ ಒಳ್ಳೆಯದೆ. ಆದರೆ ಸವೆದ ಹಾಸಿಗೆ ಅದು ಮದ್ದಲ್ಲ. ಕನ್ನಡಕ ಕೊಡಿಸಿದರೆ ಮೊಣಕಾಲಿನ ನೋವು ಹೋದೀತೆ? ಕಾರ್ಬೈಡಿನ ಉಳಿಗಳಿಗೆ ಹೆಚ್ಚಿನ ವೇಗ ಬೇಕು. ಹಳೆಯ ಕಂಚಿನ ಬೇರಿಂಗುಗಳಿಗೆ ಆ ವೇಗ ಸಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಲೇತಿನ ಹಾಸಿಗೂ ಸರಿಯೆ.

ಕೊಳ್ಳುವವರಿಗೆ ಒಂದೆರಡು ಮಾತು. ಕಾರ್ಖಾನೆಯ ಷೆಡ್ಡುಗಳು ಮನೆಗಳಿಗೂ ಕಚೇರಿಗಳಿಗೂ ಸ್ಥಳ ಬಿಡುತ್ತಿರುವ ಈ ನಗರದಲ್ಲಿ ಅವಸರದಿಂದ ಮಾರುವ ಲೇತುಗಳಿಗೆ ಕೊರತೆಯಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಸ ಬಣ್ಣವನ್ನು ನೋಡಿ ಬೆಲೆ ಕಟ್ಟಬಾರದು. ಯಂತ್ರವನ್ನು ಓಡಿಸಿ, ಎಲ್ಲ ಗೇರುಗಳ ಸದ್ದನ್ನೂ ಕೇಳಬೇಕು. ಹಿಡಿಗಳಲ್ಲಿ ಸ್ವಲ್ಪ ಸಡಿಲವಿದ್ದರೆ ಅಂಜಬೇಕಾದುದಿಲ್ಲ. ಬಲ್ಲ ಟರ್ನರನು ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ಅದನ್ನು ನಿವಾರಿಸಿಕೊಳ್ಳುತ್ತಾನೆ. ನಾಲ್ಕು ದವಡೆಯ ಚಕ್ಕು, ಮುಖಫಲಕ, ಬದಲಿ ಗೇರುಗಳು ಜೊತೆಯಲ್ಲಿವೆಯೇ ಎಂದು ಎಣಿಸಿ ನೋಡಬೇಕು. ಅವು ಇಲ್ಲದ ಲೇತು ಅಗ್ಗವೆಂದು ತೋರಿದರೂ, ಆಮೇಲೆ ಅವನ್ನು ಹುಡುಕುವ ಖರ್ಚು ಅಗ್ಗವಲ್ಲ.

ಈ ಕೊನೆಯ ಮಾತನ್ನು ಹೇಳುತ್ತಾ ಮಾಲೀಕರು, “ಇದಕ್ಕೂ ಒಂದು ಗೇರು ಇಲ್ಲ, ಮೇಷ್ಟ್ರೇ. ನೂರಿಪ್ಪತ್ತೇಳು ಹಲ್ಲಿನದು” ಎಂದರು.

ಆ ಲೇತಿನ ನಡೆಸುವ ತಿರುಪು ಅಂಗುಲದ ಲೆಕ್ಕದ್ದು. ೧೯೫೬ರ ಕಾನೂನಿನ ಮೇಲೆ ದೇಶ ಮೆಟ್ರಿಕ್ ಮಾನಕ್ಕೆ ಹೊರಳಿತು. ಅಂಗುಲವೊಂದಕ್ಕೆ ೨೫.೪ ಮಿಲಿಮೀಟರ್, ಇದನ್ನು ೫ರಿಂದ ಗುಣಿಸಿದರೆ ೧೨೭, ಒಡೆಯದ ಪೂರ್ಣಾಂಕ. ಆದಕಾರಣ ೧೨೭ ಹಲ್ಲುಗಳ ಗೇರೊಂದಿದ್ದರೆ ಅಂಗುಲದ ಲೇತು ಮಿಲಿಮೀಟರಿನ ತಿರುಪನ್ನು ಚಾಚೂ ತಪ್ಪದೆ ಕಡೆಯುತ್ತದೆ. ಅದಿಲ್ಲದಾಗ ೬೩ ಹಲ್ಲಿನ ಗೇರಿನಿಂದ ಹೇಗೋ ನಡೆಸುತ್ತಾರೆ. ಸಣ್ಣ ನಟ್ಟು ಬೋಲ್ಟುಗಳಿಗೆ ಅದು ಸಾಕು. ೩೦೦ ಮಿಲಿಮೀಟರಿನ ಉದ್ದಕ್ಕೆ ಹೋದರೆ ಸುಮಾರು ೦.೦೪ ಮಿಲಿಮೀಟರಿನಷ್ಟು ತಪ್ಪುತ್ತದೆ. ಉದ್ದನೆಯ ತಿರುಪುಗಳ ಕೆಲಸ ಬಂದಾಗ ಅವರು ಅದನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದರು.

ನಾವು ಮನೆಗೆ ಬಂದು ಮೇಜಿನ ಮೇಲಿನ ಹಲ್ಲುಗಾಲಿಗೆ ಸುಣ್ಣದ ಗುರುತು ಹಾಕಿ ಹಲ್ಲುಗಳನ್ನು ಎಣಿಸಿದೆವು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದೆವು. ನೂರಿಪ್ಪತ್ತೇಳು. ಮರುದಿನ ಅದನ್ನು ಚೀಲದಲ್ಲಿಟ್ಟುಕೊಂಡು ಸಾರಕ್ಕಿಗೆ ಹೋಗಿ, ನಡೆದುದೆಲ್ಲವನ್ನೂ ಹೇಳಿ ಒಪ್ಪಿಸಿದೆವು. ಮಾಲೀಕರು ಏನೂ ಹೇಳಲಿಲ್ಲ. ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಯಜಮಾನರ ಕೈಗೆ ಕೊಟ್ಟರು. ಅವರು ಗೇರನ್ನು ಅದರ ಸ್ಥಾನದಲ್ಲಿ ಕೂರಿಸಿ ಲೇತನ್ನು ನಡೆಸಿದರು. ಆ ಯಜಮಾನರ ಬಳಿ ಹೆರೆಯುವ ಕೆಲಸವನ್ನು ಕಲಿಯಲು ಇದುವರೆಗೆ ಯಾರೂ ಬಂದಿಲ್ಲವೆಂದು ನಮಗೆ ತಿಳಿದುದು ಅಂದೇ.

ಶ್ರೋತೃಗಳಲ್ಲಿ ಅನೇಕರು ಶಾಲೆ, ಕಾಲೇಜು, ಕಾರ್ಖಾನೆಗಳ ಸಮಿತಿಗಳಲ್ಲಿ ಇರುವವರು. ‘ನಿರುಪಯುಕ್ತ’ ಎಂಬ ಮಾತಿನ ಕೆಳಗೆ ರುಜು ಹಾಕುವುದಕ್ಕೆ ಮೊದಲು ಬಲ್ಲ ಕೈಯೊಂದನ್ನು ಕರೆಸಿ ಹಾಸನ್ನು ಮುಟ್ಟಿಸಿ ನೋಡಿರೆಂಬುದೇ ನಮ್ಮ ಬಿನ್ನಹ. ನಮ್ಮ ಮೇಜಿನ ಮೇಲಿನ ಕಾಗದಗಳು ಈಗ ಫ್ಯಾನಿನ ಗಾಳಿಗೆ ಹಾರುತ್ತವೆ. ಅದರಿಂದ ನಮಗೆ ಬೇಸರವೇನೂ ಇಲ್ಲ.