ಸತ್ತವರ ಚಿತ್ರ ಬರೆಸಿದವರು ಯಾರು?

(ಕುಮಾರ ಪಾರ್ಕಿನಲ್ಲಿ ಮಾಡಿದ ಭಾಷಣದ ಬರಹರೂಪ)



ಈಜಿಪ್ಟಿನ ಸಮಾಧಿಗಳ ಮಾತನ್ನು ಹೆಬ್ಬಾಳದವರೆಗೆ ಎಳೆದು ತರುತ್ತೇನೆ. ದಾರಿ ಸ್ವಲ್ಪ ಸುತ್ತು, ಕ್ಷಮೆಯಿರಲಿ.

ಅಲ್ಲಿನ ಸಿರಿವಂತ ಅಧಿಕಾರಿ ಬದುಕಿರುವಾಗಲೇ ತನ್ನ ಸಮಾಧಿ ಕಟ್ಟಿಸಲು ತೊಡಗುತ್ತಿದ್ದ. ಗೋಡೆಯ ಚಿತ್ರಗಳಲ್ಲಿ ಅವನೇ ಎಲ್ಲರಿಗಿಂತ ದೊಡ್ಡವನು. ಮುಖ ಪಕ್ಕಕ್ಕೆ, ಕಣ್ಣು ಮತ್ತು ಭುಜ ನಮ್ಮ ಕಡೆಗೆ. ಸಾಮಾನ್ಯವಾಗಿ ಯೌವನ ಮಾಸಿರುವುದಿಲ್ಲ. ಮುಖ ನೋಡಿ ಆಸಾಮಿಯನ್ನು ಗುರುತಿಸುವುದು ಕಷ್ಟ, ಪಕ್ಕದಲ್ಲಿ ಬರೆದ ಹೆಸರೇ ಗುರುತು. ಆ ಹೆಸರನ್ನು ಕೆತ್ತಿ ಅಳಿಸಿದರೆ ಅವನಿಗೆ ಪರಲೋಕದಲ್ಲೂ ಕೇಡು ಎಂಬ ನಂಬಿಕೆ.

ಸಕ್ಕಾರದಲ್ಲಿ ತೀ ಎಂಬ ಅಧಿಕಾರಿಯ ಸಮಾಧಿ ಇದೆ. ಸುಮಾರು 4,400 ವರ್ಷ ಹಳೆಯದು. ಆಳುಗಳು ನೀರಾನೆಗಳಿಗೆ ಈಟಿ ಎಸೆಯುತ್ತಿದ್ದಾರೆ. ತೀ ಮಾತ್ರ ದೋಣಿಯಲ್ಲಿ ಆಳುದ್ದಕ್ಕೂ ಮೀರಿ ನಿಂತು ಸುಮ್ಮನೆ ನೋಡುತ್ತಿದ್ದಾನೆ. ಕ್ರಿ.ಪೂ. 1350ರ ಸುಮಾರಿನ ನೆಬಾಮುನ್ ತಾನೇ ಹಕ್ಕಿ ಬೇಟೆಗೆ ಇಳಿಯುತ್ತಾನೆ, ನಿಜ. ಮಗಳು ಪುಟ್ಟದಾಗಿ ಅವನ ಕಾಲ ಬಳಿ ಕುಳಿತಿದ್ದಾಳೆ. ಆದರೆ ಈ ಚಿತ್ರಗಳಲ್ಲಿ ಅವರ ಸಾವಿನ ಗಳಿಗೆ ಇಲ್ಲ. ತನ್ನ ಚಿತ್ರವನ್ನು ತಾನೇ ಬರೆಸುವಾತ ಅದನ್ನು ಯಾಕೆ ಬರೆಸಿಯಾನು?

ನಮ್ಮ ವೀರಗಲ್ಲಿನ ರೀತಿಯೇ ಬೇರೆ. ಅದು ಶವವಿರುವ ಸಮಾಧಿಯಲ್ಲ, ನೆನಪಿನ ಕಲ್ಲು. ನಿಲ್ಲಿಸುವವರು ಉಳಿದವರು, ಹಾಗಾಗಿ ಕಥೆ ಸಾವಿನಿಂದಲೇ ಶುರು. ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ವೀರ. ಎಲ್ಲ ಕಲ್ಲಿನಲ್ಲೂ ಮೂರು ಹಂತ ಇರುವುದಿಲ್ಲ. ಇಲ್ಲಿಯೂ ಮುಖಕ್ಕಿಂತ ಹೆಸರೇ ಗಟ್ಟಿ. ಹಲವು ಮಹಾಸತಿ ಕಲ್ಲುಗಳಲ್ಲಂತೂ ಹೆಂಗಸಿನ ಮುಖವೇ ಇಲ್ಲ, ಕಂಬದಿಂದ ಚಾಚಿದ ಬಳೆ ತೊಟ್ಟ ಕೈ ಮಾತ್ರ. ಅದನ್ನು ನೋಡಿದಾಗ ನನಗೆ ಗೌರವಕ್ಕಿಂತ ಸಂಕಟವೇ ಹೆಚ್ಚು.

ಈ ಮಾನ ರಾಜರಿಗಷ್ಟೇ ಮೀಸಲಾಗಿರಲಿಲ್ಲ. ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದು 'ಬೆಂಗಳೂರು ಕಾಳಗ'ದಲ್ಲಿ ಸತ್ತವನನ್ನು ನೆನೆಯುತ್ತದೆ. ಈ ಊರಿನ ಹೆಸರು ನಮಗೆ ಸಿಗುವ ಬಹು ಹಳೆಯ ದಾಖಲೆ ಅದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಹೊತ್ತಿಗೆ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದರು. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿದೆ.

ಈಗ ಹೆಬ್ಬಾಳ. ನಮ್ಮ ಬಡಾವಣೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಅಷ್ಟೇನೂ ದೂರವಿಲ್ಲ. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಕಲ್ಲೊಂದು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ದಂಡನ್ನು ಎದುರಿಸಿ ಸತ್ತವನ ಹೆಸರು ಕಿತ್ತಯ್ಯ. ಕಲ್ಲನ್ನು ಕದಲಿಸಿದ ಯಂತ್ರಕ್ಕೆ ಆ ಹೆಸರು ಓದಲು ಬರುವುದಿಲ್ಲ. ಪುಣ್ಯಕ್ಕೆ ಓದಬಲ್ಲವರು ಸಮಯಕ್ಕೆ ಬಂದರು. ಆಮೇಲೆ ಆಸಕ್ತರೂ ಸ್ಥಳೀಯರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ನೋಡದಿದ್ದವರು ಒಂದು ಭಾನುವಾರ ಹೋಗಿ ಬನ್ನಿ. ಹಾಗೆಯೇ ನಿಮ್ಮ ನಿಮ್ಮ ಊರಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಇನ್ನೊಂದು ಮಗ್ಗುಲನ್ನೂ ಒಮ್ಮೆ ತಿರುಗಿಸಿ ನೋಡಿ.