ಬಸ್ಕಿನ್ ಎಂಬ ಪಾದರಕ್ಷೆ



ಇಂಗ್ಲಿಷ್ ಕಾವ್ಯವನ್ನು ಓದುವಾಗ ಒಮ್ಮೊಮ್ಮೆ ನಿಘಂಟೇ ನಮ್ಮನ್ನು ದಾರಿ ತಪ್ಪಿಸುವುದುಂಟು. ‘ಬಸ್ಕಿನ್’ ಅಂಥ ಒಂದು ಪದ. ನಿಘಂಟಿನಲ್ಲಿ ಮೊದಲು ಸಿಗುವ ಅರ್ಥ ಮೀನಖಂಡದವರೆಗೆ ಬರುವ ಬೂಟು ಎಂದು. ಅದು ತಪ್ಪಲ್ಲ. ಆದರೆ ಅದನ್ನೇ ಹಿಡಿದುಕೊಂಡು ಮಿಲ್ಟನ್ ಕವಿಯ ‘ಇಲ್ ಪೆನ್ಸೆರೋಸೊ’ ಓದಿದರೆ, ಅಲ್ಲಿ ಬಸ್ಕಿನ್ ತೊಟ್ಟಿರುವುದು ಮನುಷ್ಯನಲ್ಲ, ರಂಗಭೂಮಿ! ರಂಗಭೂಮಿ ಬೂಟು ಹಾಕಿಕೊಳ್ಳುವುದೆಂದರೇನು?

ಉತ್ತರಕ್ಕಾಗಿ ಪ್ರಾಚೀನ ಅಥೆನ್ಸ್‌ಗೆ ಹೋಗಬೇಕು. ಅಲ್ಲಿ ದುರಂತ ನಾಟಕಗಳ ನಟರು ‘ಕೊಥೊರ್ನೊಸ್’ ಎಂಬ ಮೆತ್ತನೆಯ ಬೂಟು ಧರಿಸುತ್ತಿದ್ದರು. ಅದಕ್ಕೆ ಎಡಬಲವೆಂಬ ಭೇದವಿರಲಿಲ್ಲ. ಯಾವ ಕಾಲಿಗಾದರೂ ಹಾಕಿಕೊಳ್ಳಬಹುದಾಗಿತ್ತು. ಈ ಗುಣದಿಂದ ಒಂದು ತಮಾಷೆಯೂ ಹುಟ್ಟಿತು. ಥೆರಮೆನೆಸ್ ಎಂಬ ರಾಜಕಾರಣಿ ಒಮ್ಮೆ ಸಿರಿವಂತರ ಪಕ್ಷ, ಒಮ್ಮೆ ಜನಸಾಮಾನ್ಯರ ಪಕ್ಷ ಎಂದು ಓಲಾಡುತ್ತಿದ್ದನಂತೆ. ಜನ ಅವನಿಗೆ ‘ಕೊಥೊರ್ನೊಸ್’ ಎಂದೇ ಅಡ್ಡಹೆಸರಿಟ್ಟರು. ಎರಡೂ ಕಾಲಿಗೆ ಆಗುವ ಮನುಷ್ಯ! ಕ್ರಿ.ಪೂ. 404ರಲ್ಲಿ ಅವನಿಗೆ ಮರಣದಂಡನೆಯಾಗುವ ಮುನ್ನ ಎದುರಾಳಿ ಕ್ರಿಟಿಯಾಸ್ ಸಭೆಯಲ್ಲಿ ಈ ಹೆಸರನ್ನು ಎತ್ತಿ ಆಡಿದ್ದನ್ನು ಇತಿಹಾಸಕಾರ ಕ್ಸೆನೊಫೋನ್ ಬರೆದಿಟ್ಟಿದ್ದಾನೆ.

ಇಲ್ಲಿ ಒಂದು ಮಾತು ಹೇಳಬೇಕು. ಗ್ರೀಕ್ ನಟರು ಎತ್ತರವಾಗಿ ಕಾಣಲು ದಪ್ಪ ಅಟ್ಟೆಯ ಬೂಟು ಹಾಕುತ್ತಿದ್ದರೆಂದು ಎಷ್ಟೋ ಗೈಡುಗಳಲ್ಲಿ ಬರೆದಿರುತ್ತದೆ. ಸೋಫೋಕ್ಲೀಸನ ಕಾಲದ ಹೂಜಿಗಳ ಮೇಲಿನ ಚಿತ್ರಗಳಲ್ಲಿ ಕಾಣುವುದು ತೆಳುವಾದ ಅಟ್ಟೆಯ ಬೂಟುಗಳೇ. ದಪ್ಪ ಅಟ್ಟೆ ಬಂದದ್ದು ಶತಮಾನಗಳ ನಂತರ.

ರೋಮನ್ನರು ಈ ಬೂಟನ್ನು ‘ಕೊಥುರ್ನುಸ್’ ಎಂದರು. ಹಾಸ್ಯನಾಟಕದ ನಟರು ಹಾಕುತ್ತಿದ್ದದ್ದು ‘ಸೊಕ್ಕುಸ್’ ಎಂಬ ಹಗುರವಾದ ಚಪ್ಪಲಿ. ನೀವು ದಿನವೂ ಶಾಲೆಗೆ ಹಾಕಿಕೊಂಡು ಹೋಗುವ ‘ಸಾಕ್ಸ್’ ಈ ಸೊಕ್ಕುಸ್‌ನ ಮರಿಮಗಳು! ಹೀಗೆ ಬೂಟು ದುರಂತಕ್ಕೆ, ಚಪ್ಪಲಿ ಹಾಸ್ಯಕ್ಕೆ ಗುರುತಾಗಿ ನಿಂತವು. ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್ ಓದಿದ ಇಂಗ್ಲಿಷ್ ಬರಹಗಾರರು ಕೊಥುರ್ನುಸ್‌ಗೆ ತಮ್ಮಲ್ಲಿ ಬಳಕೆಯಲ್ಲಿದ್ದ ಬೂಟಿನ ಹೆಸರನ್ನೇ, ಅಂದರೆ ‘ಬಸ್ಕಿನ್’ ಎಂಬುದನ್ನು, ಕೊಟ್ಟರು. ಆ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗ್ರೀಕ್ ಪದಕ್ಕೂ ಅದಕ್ಕೂ ನಂಟಂತೂ ಇಲ್ಲ.

1623ರಲ್ಲಿ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಪುಟ ಅಚ್ಚಾದಾಗ ಬೆನ್ ಜಾನ್ಸನ್ ಒಂದು ಪ್ರಶಂಸೆಯ ಪದ್ಯ ಬರೆದನು. ಅದರಲ್ಲಿ ಶೇಕ್ಸ್‌ಪಿಯರನ ಬಸ್ಕಿನ್ನೂ ಇದೆ, ಸಾಕ್ಸೂ ಇದೆ. ಅವನ ಉಡುಪಿನ ವರ್ಣನೆಯೆಂದು ಓದಿದಿರೋ, ಕೆಟ್ಟಿತು. ದುರಂತದಲ್ಲೂ ಹಾಸ್ಯದಲ್ಲೂ ಅವನು ಸಮರ್ಥ ಎಂಬುದು ಅಲ್ಲಿನ ಮಾತು. ಮಿಲ್ಟನ್ನನ ರಂಗಭೂಮಿಯ ಒಗಟೂ ಈಗ ಬಿಡಿಸಿದಂತಾಯಿತು: ಬಸ್ಕಿನ್ ತೊಟ್ಟ ರಂಗಭೂಮಿ ಎಂದರೆ ದುರಂತ ನಾಟಕ. ಜೋಡಿ ಕವಿತೆ ‘ಲ’ಅಲೆಗ್ರೊ’ದಲ್ಲಿ ಅವನು ಜಾನ್ಸನ್ನನ ಹಾಸ್ಯನಾಟಕಗಳಿಗೆ ‘ಸಾಕ್’ ಎಂದೇ ಹೇಳುತ್ತಾನೆ.

ಕನ್ನಡ ತರಗತಿಯಲ್ಲಿ ನೀವು ಓದಿದ ವಾಚ್ಯಾರ್ಥ, ಲಕ್ಷ್ಯಾರ್ಥಗಳನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ‘ಅವರು ಹತ್ತನೆಯ ವಯಸ್ಸಿಗೇ ಬಣ್ಣ ಹಚ್ಚಿದರು’ ಎಂದರೆ ಗೋಡೆಗೆ ಸುಣ್ಣಬಣ್ಣ ಬಳಿದರೆಂದು ನಾವು ಯಾರೂ ತಿಳಿಯುವುದಿಲ್ಲ. ಯಕ್ಷಗಾನದವರ ‘ಗೆಜ್ಜೆ ಕಟ್ಟುವುದು’ ಇನ್ನೂ ಹತ್ತಿರದ ಉದಾಹರಣೆ, ಅದೂ ಕಾಲಿನದೇ. ಆದರೆ ಟ್ರ್ಯಾಜಿಡಿ ಎಂಬುದನ್ನು ಕನ್ನಡಕ್ಕೆ ತರುವಾಗ ಬಿ.ಎಂ.ಶ್ರೀ. ಅವರು ಪಾದರಕ್ಷೆಯ ಕಡೆ ನೋಡಲಿಲ್ಲ, ‘ರುದ್ರನಾಟಕ’ ಎಂದರು. ಸೋಫೋಕ್ಲೀಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ನನಗೆ ಕೇಳಿದರೆ, ಬೂಟಿಗಿಂತ ಈ ಪದವೇ ಗಂಭೀರ.

ಹಾಗೆಂದು ಬಸ್ಕಿನ್ ಕಂಡಲ್ಲೆಲ್ಲ ದುರಂತ ಎಂದು ಬರೆದುಬಿಡಬೇಡಿ. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಟೈಟಾನಿಯಾ ರಾಣಿ ಹಿಪಾಲಿಟಳನ್ನು ಬಸ್ಕಿನ್ ತೊಟ್ಟವಳೆಂದು ಚುಚ್ಚಿ ಮಾತನಾಡುತ್ತಾಳೆ. ಹಿಪಾಲಿಟ ಯುದ್ಧ ಮಾಡುವ ಅಮೆಜಾನ್ ಹೆಣ್ಣು. ಅವಳ ಕಾಲಲ್ಲಿರುವುದು ನಿಜವಾದ ಬೂಟು. ಅಲ್ಲಿ ನಿಘಂಟಿನ ಮೊದಲ ಅರ್ಥವೇ ಸರಿ. ಮಾತು ನಾಟಕ, ಕವಿ, ರಂಗಭೂಮಿಗಳ ಸುತ್ತ ಇದೆಯೋ, ಅಥವಾ ನಡೆದಾಡುವ ಒಬ್ಬ ವ್ಯಕ್ತಿಯ ಬಗ್ಗೆ ಇದೆಯೋ ಎಂಬುದನ್ನು ಹಿಂದುಮುಂದಿನ ಸಾಲುಗಳಲ್ಲಿ ನೋಡಿ ತೀರ್ಮಾನಿಸಿ.

ಇಂದಿನ ಆಡುಮಾತಿನಲ್ಲಿ ಈ ಪದ ಇಲ್ಲವೆಂದೇ ಹೇಳಬೇಕು. ಲಂಡನ್ನಿನ ಅಂಗಡಿಯಲ್ಲಿ ಒಂದು ಜೊತೆ ಬಸ್ಕಿನ್ ಕೇಳಿದರೆ ಅಂಗಡಿಯವನು ಮುಖ ನೋಡಿಯಾನು. ಉಡುಪಿನ ಚರಿತ್ರೆಯಲ್ಲಿ, ಹಳೆಯ ಕಾವ್ಯದಲ್ಲಿ, ‘ಸಾಕ್ ಅಂಡ್ ಬಸ್ಕಿನ್’ ಎಂಬ ಜೋಡಿಪದವಾಗಿ ಕೆಲವು ನಾಟಕ ತಂಡಗಳ ಹೆಸರಿನಲ್ಲಿ ಅದು ಉಳಿದಿದೆ. ಇನ್ನು ಬೀದಿಯಲ್ಲಿ ಹಾಡಿ ಕಾಸು ಸಂಪಾದಿಸುವವರನ್ನು ಇಂಗ್ಲಿಷಿನಲ್ಲಿ ‘ಬಸ್ಕರ್’ ಎನ್ನುತ್ತಾರಲ್ಲ, ಅದೂ ಬಸ್ಕಿನ್ನಿನಿಂದಲೇ ಬಂದದ್ದೆಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಅದು ಬೇರೆಯೇ ಪದ.